ಮಗನ ತಲೆಯಲ್ಲಿ ದುಂಡನೆಯ ಬೋಳು: ನಮ್ಮ ಅಣ್ಣನಿಗೆ ಕೊಟ್ಟ ಇಂಜೆಕ್ಷನ್ ಇವನಿಗೂ ಆಗುತ್ತದೆಯೇ?

ಹಿಪ್ಪುನೇರಳೆ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಏಳು ವರ್ಷ. ಹಿಂದಲೆಯಲ್ಲಿ, ಸುಳಿಯ ಪಕ್ಕಕ್ಕೆ, ಐದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಗಿದೆ. ಈಗ ಅದರ ಮಗ್ಗುಲಲ್ಲಿ ಇನ್ನೊಂದು ಶುರುವಾಗಿದೆ. ಸದಾ ಕೆರೆದುಕೊಳ್ಳುತ್ತಾನೆ, ದಿಂಬಿನ ಮೇಲೆ ಬಿಳಿ ಹೊಟ್ಟು ಉದುರಿರುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಹುಳ ತಿಂದಿದೆ, ಗುಲಗಂಜಿ ತೇಯ್ದು ಹಚ್ಚು ಎಂದು ಅತ್ತೆ. ತಿರುಪತಿಗೆ ಹೋಗಿ ಮುಡಿ ಕೊಟ್ಟರೆ ಕೂದಲು ಒತ್ತಾಗಿ ಬರುತ್ತದೆ ಎಂದು ಮಾವ. ಯಜಮಾನರು ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದರು. ಹಚ್ಚಿದ ಮೇಲೆ ತುರಿಕೆ ಇಳಿಯಿತು, ಮಚ್ಚೆ ಮಾತ್ರ ಅಗಲವಾಗುತ್ತಲೇ ಇದೆ.

ಹೋದ ವರ್ಷ ನಮ್ಮ ಅಣ್ಣನ ಗಡ್ಡದಲ್ಲಿ ಹೀಗೆಯೇ ದುಂಡಗೆ ಕೂದಲು ಹೋಗಿತ್ತು. ಚರ್ಮದ ಡಾಕ್ಟರು ಅಲ್ಲಲ್ಲೇ ಸಣ್ಣ ಇಂಜೆಕ್ಷನ್ ಚುಚ್ಚಿದರು, ವಾಸಿಯಾಯಿತು. ಮಗನಿಗೂ ಅದನ್ನೇ ಕೇಳಿ ಕೊಡಿಸಬಹುದೇ? ಇನ್ನೊಂದು ಅನುಮಾನ. ನಮ್ಮದು ರೇಷ್ಮೆ ಹುಳು ಮೇಯಿಸುವ ಮನೆ. ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ತಲೆಗೆ ಬಿದ್ದು ಹೀಗಾಗಿರಬಹುದೇ?

ಕತ್ತರಿ, ಶಿರಾ

ಅಕ್ಕ, ನಾನು ಕ್ಷೌರದ ಅಂಗಡಿಯವನು, ವೈದ್ಯನಲ್ಲ. ಆದರೆ ಹಿಂದಲೆಯ ಮಚ್ಚೆಯನ್ನು ಮನೆಯವರಿಗಿಂತ ಮೊದಲು ಕಾಣುವವರು ನಾವೇ. ಗಡ್ಡದಲ್ಲಿ ಬರುವ ಬೋಳು ನುಣ್ಣಗೆ ಹೊಳೆಯುತ್ತದೆ, ಬೆರಳಾಡಿಸಿದರೆ ಏನೂ ತಗಲುವುದಿಲ್ಲ. ಮಕ್ಕಳ ತಲೆಯದು ಹೆಚ್ಚಾಗಿ ಹಾಗಲ್ಲ. ಹೊಟ್ಟು ಇರುತ್ತದೆ, ಕೂದಲು ಬುಡದಲ್ಲೇ ಮುರಿದು ಮೂರು ದಿನದ ಗಡ್ಡದ ಹಾಗೆ ಚುಚ್ಚುತ್ತದೆ. ಅಂಥ ಮಗು ಬಂದರೆ ನಾನು ಮೆಷಿನ್ ಹಾಕುವುದಿಲ್ಲ. ಮೊದಲು ಆಸ್ಪತ್ರೆಗೆ ತೋರಿಸಿಕೊಂಡು ಬನ್ನಿ ಎನ್ನುತ್ತೇನೆ. ಕೆಲವರು ಕೋಪಿಸಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಅದೇ ಮೆಷಿನ್ನನ್ನು ಮುಂದಿನ ಮಗುವಿನ ತಲೆಗೆ ಇಡಬೇಕಾದವನು ನಾನು.

ಮುಡಿ ಕೊಟ್ಟರೆ ಕೂದಲು ಒತ್ತಾಗುತ್ತದೆ ಎನ್ನುವುದು ಸುಳ್ಳು. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ದಪ್ಪ ಕಾಣುತ್ತದೆ, ಅಷ್ಟೇ. ಹರಕೆ ಇದ್ದರೆ ತೀರಿಸಿ, ಆದರೆ ವಾಸಿಯಾದ ಮೇಲೆ.

ಸ್ಲೈಡ್, ಚಿಂತಾಮಣಿ

ತಾಯಿ, ನಾನು ಪ್ರಯೋಗಾಲಯದ ತಂತ್ರಜ್ಞ. ಜನರ ಮುಖಕ್ಕಿಂತ ಅವರ ಕಫ, ರಕ್ತ, ಕೂದಲನ್ನೇ ಹೆಚ್ಚು ನೋಡಿದವನು. ಔಷಧಿ ಬರೆಯುವ ಅಧಿಕಾರ ನನಗಿಲ್ಲ, ಬರೆಯುವುದೂ ಇಲ್ಲ. ಆದರೆ ಅಣ್ಣನ ಇಂಜೆಕ್ಷನ್ನನ್ನು ಮಗನಿಗೆ ಕೇಳಿ ಹಾಕಿಸುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ.

ನಿಮ್ಮ ಅಣ್ಣನದು ಅಲೋಪೇಸಿಯಾ ಏರಿಯೇಟಾ ಇರಬೇಕು. ಆಯುರ್ವೇದದವರು ಇಂದ್ರಲುಪ್ತ ಎನ್ನುತ್ತಾರೆ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬೀಳುವ ಕಾಯಿಲೆ. ಅದರಲ್ಲಿ ಹುಳವೂ ಇಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆ ಇಂಜೆಕ್ಷನ್ ಸಾಮಾನ್ಯವಾಗಿ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್. ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಟ್ಟು ಆ ದಾಳಿಯನ್ನು ತಗ್ಗಿಸುತ್ತಾರೆ. ಚಿಕ್ಕ ಮಚ್ಚೆಯಾದರೆ ಎಷ್ಟೋ ಜನರಿಗೆ ಏನೂ ಮಾಡದೆಯೂ ಒಂದು ವರ್ಷದೊಳಗೆ ಕೂದಲು ತಾನಾಗಿ ಬರುತ್ತದೆ. ಮೊದಮೊದಲು ಬೆಳ್ಳಗೆ ಬಂದು ಆಮೇಲೆ ಕಪ್ಪಾಗುವುದುಂಟು. ಗುಲಗಂಜಿಗೂ ಈರುಳ್ಳಿ ರಸಕ್ಕೂ ಇಷ್ಟು ಹೆಸರು ಬಂದಿರುವುದು ಇದರಿಂದಲೇ ಎಂದು ನನ್ನ ಗುಮಾನಿ.

ನೀವು ಹೇಳುವ ತುರಿಕೆ, ಹೊಟ್ಟು, ಹರಡುವಿಕೆ ಎಲ್ಲ ಸೇರಿಸಿ ನೋಡಿದರೆ ಮಗನದು ತಲೆಯ ಹುಳುಕಡ್ಡಿ, ಅಂದರೆ ಫಂಗಸ್ ಇದ್ದ ಹಾಗಿದೆ. ಅದನ್ನು ಹತೋಟಿಯಲ್ಲಿ ಇಟ್ಟಿರುವುದೇ ಮೈಯ ರೋಗನಿರೋಧಕ ಶಕ್ತಿ. ಅಲ್ಲಿ ಸ್ಟಿರಾಯ್ಡ್ ಹಾಕಿದರೆ ಕಾವಲುಗಾರನ ಕೈಯನ್ನೇ ಕಟ್ಟಿಹಾಕಿದಂತಾಯಿತು. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಫಂಗಸ್ ನೆಮ್ಮದಿಯಾಗಿ ಹಬ್ಬುತ್ತದೆ. ಯಜಮಾನರು ತಂದ ಟ್ಯೂಬನ್ನು ತಿರುಗಿಸಿ ಓದಿ. ಕ್ಲೋಬೆಟಸಾಲ್, ಬೆಟಾಮೆಥಸೋನ್, ಮೊಮೆಟಸೋನ್, ಇವುಗಳಲ್ಲಿ ಒಂದು ಹೆಸರಿದ್ದರೂ ಅದು ಸ್ಟಿರಾಯ್ಡ್. ಜೊತೆಗೆ ಫಂಗಸ್ ಔಷಧಿಯನ್ನೂ ಬೆರೆಸಿರುತ್ತಾರೆ, ಅದರಿಂದ ಪ್ರಯೋಜನವಿಲ್ಲ. ತಲೆಯ ಫಂಗಸ್ ಕೂದಲಿನ ಒಳಗೆ, ಬೇರಿನವರೆಗೆ ಇಳಿದಿರುತ್ತದೆ. ಮೇಲೆ ಹಚ್ಚುವ ಯಾವ ಕ್ರೀಮೂ ಅಲ್ಲಿಗೆ ಮುಟ್ಟುವುದಿಲ್ಲ. ಬಾಯಿಯ ಮೂಲಕ ಔಷಧಿ ಹೋಗಲೇಬೇಕು. ಗ್ರಿಸಿಯೊಫಲ್ವಿನ್ ಅಥವಾ ಟರ್ಬಿನಫಿನ್, ಮಗುವಿನ ತೂಕ ನೋಡಿ, ವಾರಗಟ್ಟಲೆ.

ಪರೀಕ್ಷೆ ಏನೂ ದೊಡ್ಡದಲ್ಲ, ಸೂಜಿಯೂ ಇಲ್ಲ. ಮೊಂಡು ಅಲಗಿನಿಂದ ಸ್ವಲ್ಪ ಹೊಟ್ಟು ಕೆರೆಯುತ್ತೇವೆ, ಮುರಿದ ಮೋಟು ಕೂದಲನ್ನು ಚಿಮುಟದಿಂದ ಎಳೆಯುತ್ತೇವೆ. ಕಾಯಿಲೆಯ ಕೂದಲು ಸಲೀಸಾಗಿ ಕೈಗೆ ಬರುತ್ತದೆ, ಮಗು ಅಳುವುದೂ ಇಲ್ಲ. ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಬಿಡುತ್ತೇವೆ. ಕೂದಲು ಮೆತ್ತಗಾಗಿ ಪಾರದರ್ಶಕವಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಕೊಳವೆಯೊಳಗೆ, ಕೆಲವು ಜಾತಿಗಳಲ್ಲಿ ಅದರ ಸುತ್ತ, ಫಂಗಸ್ಸಿನ ಬೀಜಕಣಗಳು ಸಾಲುಸಾಲಾಗಿ ಕಿಕ್ಕಿರಿದಿರುತ್ತವೆ. ಒಂದು ಸಲ ಕಂಡವರು ಮರೆಯುವುದಿಲ್ಲ. ಒಂದು ಬೇಡಿಕೆ: ಪರೀಕ್ಷೆಗೆ ಬರುವ ದಿನ ತಲೆಗೆ ಎಣ್ಣೆ ಸುರಿದುಕೊಂಡು ಬರಬೇಡಿ. ಎಣ್ಣೆಯ ಹನಿ ಬೀಜಕಣದ ವೇಷ ಹಾಕಿ ನಮ್ಮನ್ನು ಏಮಾರಿಸುತ್ತದೆ.

ಗುಲಗಂಜಿಯನ್ನು ಮನೆಯಿಂದಲೇ ಆಚೆ ಹಾಕಿ. ಅದರಲ್ಲಿರುವ ಅಬ್ರಿನ್ ಕಡುವಿಷ, ಮಗು ಕಾಳನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಸುಣ್ಣದ ಪುಡಿ ಚರ್ಮ ಸುಡಬಹುದು, ದುಂಡಗೆ ಮಚ್ಚೆ ಮಾಡುವುದಿಲ್ಲ. ಅದಕ್ಕಿಂತ ನನಗೆ ಕೊಟ್ಟಿಗೆಯ ಮೇಲೆ ಅನುಮಾನ, ಈ ಫಂಗಸ್ ದನಕರುಗಳಿಂದಲೂ ಅಂಟುತ್ತದೆ. ನಿಮ್ಮಲ್ಲಿ ಕರು ಇದೆಯೇ? ಅದರ ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದಿ ಬಣ್ಣದ ದಪ್ಪ ಹಕ್ಕಳೆ ಇದೆಯೇ ನೋಡಿ.

ಮಾವಿನತೋಪು, ಶ್ರೀನಿವಾಸಪುರ

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರಿಸಬೇಡಿ ಸರ್. ನನಗೆ ಡೆಂಗಿ ಬಂದು ಹೋಗಿ ಎರಡು ತಿಂಗಳ ಮೇಲಾಯಿತು. ಈಗ ತಲೆ ಬಾಚಿದರೆ ಹಿಡಿ ಹಿಡಿ ಕೂದಲು, ಬಚ್ಚಲಿನ ಜಾಲರಿ ಕಟ್ಟಿಕೊಳ್ಳುತ್ತದೆ. ಎಲ್ಲರೂ ಕೊಳವೆಬಾವಿ ನೀರಿನ ಮೇಲೆ ಹಾಕುತ್ತಾರೆ. ನನಗೂ ಅದೇ ಫಂಗಸ್ ಇರಬಹುದೇ?

ಸ್ಲೈಡ್, ಚಿಂತಾಮಣಿ

ಬೇರೆ ಪ್ರಶ್ನೆಯಾಗಿ ಹಾಕಿದ್ದರೆ ಚೆನ್ನಾಗಿತ್ತು. ಇರಲಿ. ತಲೆಯೆಲ್ಲ ಸಮನಾಗಿ ಉದುರುತ್ತಿದ್ದು, ಮಚ್ಚೆ, ಹೊಟ್ಟು, ಉರಿ ಇಲ್ಲದಿದ್ದರೆ ಅದು ಜ್ವರದ ಬಾಕಿ. ದೊಡ್ಡ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಆದಾಗ ಬಹಳಷ್ಟು ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತವೆ. ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಹಬಂದಿಗೆ ಬರುತ್ತದೆ. ಆಮೇಲೂ ನಿಲ್ಲದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡಿಸಿ. ನಮ್ಮ ಕಡೆಯ ಗಡಸು ನೀರಿಗೆ ಸೋಪು ನೊರೆ ಬರುವುದಿಲ್ಲ, ಕೂದಲು ಒರಟಾಗುತ್ತದೆ, ಅದು ನಿಜ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತದೆ, ಅದೂ ನಿಜ. ಕೂದಲನ್ನು ಉದುರಿಸಿದ್ದು ಮಾತ್ರ ನಿಮ್ಮ ಜ್ವರ.

ಹಿಪ್ಪುನೇರಳೆ, ಶಿಡ್ಲಘಟ್ಟ ತಾಲ್ಲೂಕು

ಸರ್, ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಎಂದೇ ಇತ್ತು. ಚರ್ಮದ ಡಾಕ್ಟರಿಗೆ ತೋರಿಸಿದೆವು, ಕೂದಲ ಪರೀಕ್ಷೆಯಲ್ಲಿ ಫಂಗಸ್ ಎಂದೇ ಬಂತು. ಗ್ರಿಸಿಯೊಫಲ್ವಿನ್ ಮಾತ್ರೆ, ಕೀಟೊಕೊನಜೋಲ್ ಶಾಂಪೂ ಬರೆದಿದ್ದಾರೆ. ನೀವು ಹೇಳಿದ ಹಾಗೆ ಕರುವಿನ ಕಣ್ಣಿನ ಸುತ್ತ ಬೂದಿ ಹಕ್ಕಳೆ ಇದೆ! ಮಗ ದಿನವೂ ಅದರ ಕುತ್ತಿಗೆಗೆ ಜೋತುಬೀಳುತ್ತಾನೆ. ಅವನನ್ನು ಶಾಲೆಗೆ ಕಳುಹಿಸಬಹುದೇ? ಮಗಳಿಗೂ ಮಾತ್ರೆ ಬೇಕೇ? ಅತ್ತೆ ಇಷ್ಟು ದಿನ ಮಾತ್ರೆ ನುಂಗಿಸಬೇಡ ಎಂದು ಹಟ ಹಿಡಿದಿದ್ದಾರೆ.

ಸ್ಲೈಡ್, ಚಿಂತಾಮಣಿ

ಮಾತ್ರೆ ಶುರುವಾಗಿದ್ದರೆ ಶಾಲೆ ಬಿಡಿಸಬೇಕಾಗಿಲ್ಲ. ಟೋಪಿ, ಬಾಚಣಿಗೆ, ಟವೆಲ್ ಮಾತ್ರ ಅವನದೇ ಇರಲಿ. ಶಾಂಪೂ ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಬೀಜಕಣ ಉದುರಿ ಬೇರೆಯವರಿಗೆ ಹರಡದಂತೆ ತಡೆಯುತ್ತದೆ. ನೊರೆ ಬಂದ ತಕ್ಷಣ ತೊಳೆಯದೆ ಐದು ನಿಮಿಷ ಬಿಡಿ. ಮಗಳಿಗೆ ಕಾಣುವಂಥದ್ದು ಏನೂ ಇಲ್ಲದಿದ್ದರೆ ಮಾತ್ರೆ ಬೇಡ. ಬೆಳಕಿನಲ್ಲಿ ಕೂರಿಸಿ ಬೈತಲೆ ಬೈತಲೆ ತೆಗೆದು ನೋಡಿ, ಸಂಶಯವಿದ್ದರೆ ಡಾಕ್ಟರಿಗೆ ತೋರಿಸಿ.

ಅತ್ತೆಯವರಿಗೆ ಒಂದು ಕೆಲಸ ಕೊಡಿ. ಗ್ರಿಸಿಯೊಫಲ್ವಿನ್ ಜಿಡ್ಡಿನ ಊಟದ ಜೊತೆಗೆ ಹೋದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮುದ್ದೆಗೋ ಅನ್ನಕ್ಕೋ ತುಪ್ಪ ಹಾಕಿ ತಿನ್ನಿಸಿ ಮಾತ್ರೆ ಕೊಡುವ ಜವಾಬ್ದಾರಿ ಅವರದೇ ಆಗಲಿ, ಹಟ ತಾನಾಗಿ ಕರಗುತ್ತದೆ. ಕೂದಲು ಮೊಳೆತದ್ದನ್ನು ಕಂಡು ನಡುವೆ ನಿಲ್ಲಿಸಬೇಡಿ. ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ, ಸಾಕು ಎನ್ನಬೇಕಾದವರು ಡಾಕ್ಟರು.

ಒಂದು ವಿಷಯದಲ್ಲಿ ಮಾತ್ರ ತಡಮಾಡಬೇಡಿ. ದನಕರುಗಳಿಂದ ಬಂದ ಫಂಗಸ್ ಕೆಲವೊಮ್ಮೆ ತಲೆಯಲ್ಲಿ ಮೆತ್ತನೆಯ, ಕೀವು ಸೋರುವ ಗಡ್ಡೆಯಾಗಿ ಉಬ್ಬುತ್ತದೆ, ಜ್ವರವೂ ಬರಬಹುದು. ಅದನ್ನು ಕುರು ಎಂದು ಕೊಯ್ಯಿಸಬಾರದು. ಹಾಗೆ ಕೊಯ್ಯಿಸಿಕೊಂಡು ಬಂದ ಹುಡುಗನೊಬ್ಬನ ಕೂದಲು ನನ್ನ ಸ್ಲೈಡಿಗೆ ಬಂದಿತ್ತು, ಕಾಯಿಲೆ ಅಲ್ಲೇ ಇತ್ತು. ಚಿಕಿತ್ಸೆ ತಡವಾದರೆ ಅಲ್ಲಿ ಕಲೆ ಕಟ್ಟಿ, ಮತ್ತೆ ಕೂದಲೇ ಹುಟ್ಟದೆ ಹೋಗಬಹುದು. ಊದಿಕೊಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಕರುವನ್ನು ಪಶುವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಬೇರೆ ಕಡೆ ಕಟ್ಟಿ, ಮೈ ತೊಳೆದವರು ಕೈ ಸೋಪಿನಲ್ಲಿ ತೊಳೆದುಕೊಳ್ಳಲಿ. ಉದುರಿದ ಹಕ್ಕಳೆಯಲ್ಲಿ ಬೀಜಕಣಗಳು ಬಹುಕಾಲ ಬದುಕಿರುತ್ತವೆ, ಕರು ಮೈ ಉಜ್ಜುವ ಕಂಬ, ಗೊಂತುಗಳನ್ನೂ ಉಜ್ಜಿ ತೊಳೆಯಿರಿ.