ಪದ ಬೇಕು, ತುರ್ತು: ನೈಟ್ರೇಟಿನಿಂದ ಅಮೋನಿಯಾ ಮಾಡುವ ‘ಎಲೆಕ್ಟ್ರೋಕ್ಯಾಟಲಿಸ್ಟ್’

ವಿ.ಎಂ., ಕೋಲಾರ

ಎಲ್ಲರಿಗೂ ನಮಸ್ಕಾರ. ಕಾಲೇಜೊಂದರ ವಿಜ್ಞಾನ ವಸ್ತುಪ್ರದರ್ಶನಕ್ಕೆ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಬೋರ್‌ವೆಲ್ ನೀರಿನಲ್ಲಿರುವ ನೈಟ್ರೇಟನ್ನು ಕರೆಂಟ್ ಹಾಯಿಸಿ, ತಾಮ್ರದ ಎಲೆಕ್ಟ್ರೋಡಿನ ಮೇಲೆ ಅಮೋನಿಯಾ ಮಾಡಿ ತೋರಿಸುತ್ತಾರೆ. ಇಂಗ್ಲಿಷ್ ಶೀರ್ಷಿಕೆ ‘ಎಲೆಕ್ಟ್ರೋಕೆಮಿಕಲ್ ರಿಡಕ್ಷನ್ ಆಫ್ ನೈಟ್ರೇಟ್ ಟು ಅಮೋನಿಯಾ’. ನನ್ನ ಕೈಗೆ ಬರುವ ಮೊದಲು ಯಾರೋ ಅದಕ್ಕೆ ‘ವಿದ್ಯುತ್ ರಾಸಾಯನಿಕ ನೈಟ್ರೇಟ್ ಕಡಿತ’ ಎಂದು ಬರೆದಿದ್ದಾರೆ. ‘ವಿದ್ಯುತ್’, ‘ಕಡಿತ’ ಎರಡೂ ಒಂದೇ ಸಾಲಿನಲ್ಲಿದ್ದರೆ ನಮ್ಮ ಕಡೆಯವರು ಓದುವುದೇ ಬೇರೆ.

ನೋಡಲು ಬರುವವರು ಹೈಸ್ಕೂಲ್ ಮಕ್ಕಳು, ಸುತ್ತಲ ಹಳ್ಳಿಗಳ ರೈತರು. ರಿಡಕ್ಷನ್‌ಗೆ (ಎಲೆಕ್ಟ್ರಾನ್ ಪಡೆಯುವ ಕ್ರಿಯೆ) ಏನು ಹಾಕಲಿ, ಎಲೆಕ್ಟ್ರೋಕ್ಯಾಟಲಿಸ್ಟ್‌ಗೆ (ತಾನು ಖರ್ಚಾಗದೆ, ಕರೆಂಟಿನ ಜೊತೆ ಕ್ರಿಯೆ ನಡೆಸಿಕೊಡುವ ವಸ್ತು, ಇಲ್ಲಿ ತಾಮ್ರ) ಏನು? ಇಡೀ ಪ್ರಕ್ರಿಯೆಗೆ ‘ಸಾರಜನಕ ಸ್ಥಿರೀಕರಣ’ ಅಂದುಬಿಡಬಹುದೇ? ಅದಾದರೆ ಮಕ್ಕಳಿಗೆ ಗೊತ್ತಿರುವ ಪದ.


ಎಚ್.ಎಸ್., ಮೈಸೂರು

‘ವಿದ್ಯುತ್ ರಾಸಾಯನಿಕ’ ಎಂದು ಬಿಡಿಸಿ ಬರೆಯುವುದು ಅಶುದ್ಧ. ವಿದ್ಯುದ್ರಾಸಾಯನಿಕ. ರಿಡಕ್ಷನ್ ಅಪಕರ್ಷಣ, ಆಕ್ಸಿಡೇಶನ್ ಉತ್ಕರ್ಷಣ, ಕ್ಯಾಟಲಿಸ್ಟ್ ವೇಗವರ್ಧಕ. ಆದ್ದರಿಂದ ನಿಮಗೆ ಬೇಕಾದ್ದು ‘ವಿದ್ಯುದ್ವೇಗವರ್ಧಕ’. ಎಲ್ಲವೂ ಪಠ್ಯಪುಸ್ತಕದಲ್ಲಿ ನೆಲೆಯಾದ ಪದಗಳಿಂದಲೇ ಆಗುವುದರಿಂದ ಇದರಲ್ಲಿ ಚರ್ಚಿಸುವಂಥದ್ದು ಏನಿಲ್ಲ.


ಬಿ.ಕೆ., ಶಿವಮೊಗ್ಗ

ಹಳ್ಳಿಯ ಮಂದಿ ನೋಡುವ ಹಲಗೆಯ ಮೇಲೆ ‘ವಿದ್ಯುದ್ವೇಗವರ್ದಕ’ ಬರೆದರೆ ಓದದೆ ಮುಂದಿನ ಮೇಜಿಗೆ ಹೋಗುತ್ತಾರೆ. ಇದಕ್ಕೆ ಕನ್ನಡದಲ್ಲಿ ಪದ ಮೊದಲೇ ಇದೆ: ಹೆಪ್ಪು. ತಾನು ಚೂರೇ ಇದ್ದು ಪಾತ್ರೆ ತುಂಬ ಇರುವುದನ್ನು ಬೇರೆಯೇ ಆಗಿಸುವಂತದ್ದು. ಕರೆಂಟಿನ ಜೊತೆ ಕೆಲಸ ಮಾಡುವ ಹೆಪ್ಪು ‘ಮಿಂಚುಹೆಪ್ಪು’. ಹಲಗೆಗೆ: ‘ಮಿಂಚುಹೆಪ್ಪಿನಿಂದ ನಯ್ಟ್ರೇಟ್ ಅಮೋನಿಯಾ ಆಗುವ ಬಗೆ’. ಮಹಾಪ್ರಾಣ ಬೇಕಿಲ್ಲ, ಒತ್ತಕ್ಕರದ ಮೇಲೆ ಒತ್ತಕ್ಕರ ಬೇಕಿಲ್ಲ, ಮೂರನೇ ತರಗತಿಯ ಮಗುವೂ ಓದುತ್ತದೆ.


ಎಚ್.ಎಸ್., ಮೈಸೂರು

ಹೆಪ್ಪು ಅಡುಗೆಮನೆಯ ಪದ. ಶಾಸ್ತ್ರಕ್ಕೆ ಶಾಸ್ತ್ರದ ಪದ ಬೇಕು.


ಬಿ.ಕೆ., ಶಿವಮೊಗ್ಗ

ಎನ್ಜಯ್ಮ್‌ಗೆ ನೀವೇ ಒಪ್ಪಿಕೊಂಡಿರುವ ‘ಕಿಣ್ವ’ ಸಂಸ್ಕ್ರುತದಲ್ಲಿ ಹೆಂಡ ಹುಳಿ ಬರಿಸಲು ಹಾಕುತ್ತಿದ್ದ ಪದಾರ‍್ತ. ಹೆಂಡದ ಗಡಿಗೆಯಿಂದ ಬಂದ ಪದ ಶಾಸ್ತ್ರಕ್ಕೆ ಆಗುತ್ತದೆ, ಮೊಸರಿನ ಗಡಿಗೆಯದು ಆಗುವುದಿಲ್ಲ ಎನ್ನುವುದಕ್ಕೆ ಇರುವ ಕಾರಣ ಒಂದೇ. ಇದು ಕನ್ನಡದ್ದು.


ಪಿ.ಆರ್., ಮಂಗಳೂರು

ಇದೇ ಕೆಲಸದಲ್ಲಿ ದಿನ ಕಳೆಯುವವನು ನಾನು. ಲ್ಯಾಬಿನಲ್ಲಿ ನಾವು ಕ್ಯಾಟಲಿಸ್ಟ್ ಅಂತಲೇ ಅನ್ನುವುದು, ಆದರೆ ಫಲಕದ ಮೇಲೆ ಕನ್ನಡ ಇರಬೇಕು ಎಂಬ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಪದ ಹೇಳುವ ಸಂಗತಿ ಸುಳ್ಳಾಗಬಾರದು ಅನ್ನುವುದರಲ್ಲಿ.

ಮೊದಲು ಸ್ಥಿರೀಕರಣ. ವಿಎಂ ಮೇಡಂ, ದಯವಿಟ್ಟು ಅದನ್ನು ಹಾಕಬೇಡಿ. ಸ್ಥಿರೀಕರಣ ಅಂದರೆ ಗಾಳಿಯ ಸಾರಜನಕವನ್ನು ಹಿಡಿದು ಸಂಯುಕ್ತ ಮಾಡುವುದು. ಬೇಳೆಗಿಡಗಳ ಬೇರಿನ ಗಂಟಿನಲ್ಲಿ ಬ್ಯಾಕ್ಟೀರಿಯಾ ಮಾಡುವುದು ಅದನ್ನೇ, ಜರ್ಮನಿಯ ರಸಾಯನವಿಜ್ಞಾನಿ ಹೇಬರ್ ಮಾಡಿದ್ದೂ ಅದನ್ನೇ. ಸಾರಜನಕದ ಅಣುವಿನಲ್ಲಿರುವ ತ್ರಿಬಂಧ ಮುರಿಯಲು ಮೋಲ್‌ಗೆ 941 ಕಿಲೋಜೂಲ್ ಬೇಕು, ಅದಕ್ಕಾಗಿಯೇ ಕಾರ್ಖಾನೆಗಳಲ್ಲಿ 400ರಿಂದ 500 ಡಿಗ್ರಿ ಶಾಖ, ನೂರಕ್ಕೂ ಮಿಕ್ಕಿದ ವಾಯುಭಾರದ ಒತ್ತಡ. ಜರ್ಮನಿಯ ಓಪ್ಪೌನಲ್ಲಿ 1913ರಲ್ಲಿ ಶುರುವಾದ ಆ ವಿಧಾನವೇ ಇವತ್ತಿಗೂ ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆವರೆಗೆ ನಡೆದುಬಂದಿದೆ. ನೈಟ್ರೇಟ್ ಹಾಗಲ್ಲ, ಅದು ಆಗಲೇ ಸ್ಥಿರೀಕರಣಗೊಂಡ ಸಾರಜನಕ. ಹೊಲಕ್ಕೆ ಹಾಕಿದ ಯೂರಿಯಾ, ಕೊಟ್ಟಿಗೆಯ ಗಂಜಲ, ಪಾಯಿಖಾನೆ ಗುಂಡಿ ಎಲ್ಲದರಿಂದ ಇಳಿದು ಅಂತರ್ಜಲ ಸೇರಿದ್ದು. ಅದನ್ನು ವಾಪಸ್ ಗೊಬ್ಬರದ ರೂಪಕ್ಕೆ ತರುವುದು ಈ ಪ್ರಯೋಗ. ‘ಸ್ಥಿರೀಕರಣ’ ಎಂದು ಬರೆದರೆ ಮಕ್ಕಳು ಗಾಳಿಯಿಂದ ಅಮೋನಿಯಾ ಬಂತು ಎಂದುಕೊಂಡು ಹೋಗುತ್ತಾರೆ. ಗಾಳಿಯ ಸಾರಜನಕವನ್ನು ನೀರಿನಲ್ಲಿ, ಸಾಮಾನ್ಯ ಶಾಖದಲ್ಲಿ ಕರೆಂಟಿನಿಂದ ಅಮೋನಿಯಾ ಮಾಡಿದೆವು ಎಂಬ ಎಷ್ಟೋ ಪ್ರಬಂಧಗಳಲ್ಲಿ ಸಿಕ್ಕಿದ್ದು ಕೈಗವಸು, ಉಸಿರು, ಲ್ಯಾಬಿನ ಗಾಳಿಯಿಂದ ಬೆರೆತ ಅಮೋನಿಯಾ ಇರಬಹುದೆಂಬ ಸಂಶಯ ಬಲವಾಗಿ, ಸಾರಜನಕದ ತೂಕ ಹೆಚ್ಚಿನ ರೂಪವಾದ ಸಾರಜನಕ-15 ಐಸೊಟೋಪ್ ಬಳಸಿ ತಾಳೆ ನೋಡಬೇಕೆಂದು 2019ರಲ್ಲಿ ಕ್ರಮವನ್ನೇ ಸೂಚಿಸಬೇಕಾಯಿತು. ಅಷ್ಟು ಸೂಕ್ಷ್ಮದ ವಿಷಯದಲ್ಲಿ ಎರಡನ್ನೂ ಒಂದೇ ಪದಕ್ಕೆ ತುಂಬುವುದು ಸರಿಯಲ್ಲ.

ಬಿಕೆ ಅವರೆ, ಹೆಪ್ಪು ಬಹಳ ಚೆಂದದ ಪದ, ಆದರೆ ಇಲ್ಲಿ ಹೊಂದುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲು ತಿಂದು ಬೆಳೆಯುತ್ತದೆ, ಬೆಳಗಾಗುವಷ್ಟರಲ್ಲಿ ಪಾತ್ರೆಯೆಲ್ಲ ನಾಳೆಯ ಹೆಪ್ಪು. ತಾಮ್ರ ಬೆಳೆಯುವುದಿಲ್ಲ, ಪಾತ್ರೆಯಲ್ಲಿರುವುದು ತಾಮ್ರವಾಗುವುದೂ ಇಲ್ಲ.

ಇನ್ನು ವೇಗವರ್ಧಕ. ಸ್ವೀಡನ್ನಿನ ರಸಾಯನವಿಜ್ಞಾನಿ ಬರ್ಜೀಲಿಯಸ್ 1835ರಲ್ಲಿ ಕ್ಯಾಟಲಿಸಿಸ್ ಪದವನ್ನು ಗ್ರೀಕಿನಿಂದ ಕಟ್ಟಿದಾಗ ಅದರಲ್ಲಿ ವೇಗದ ಸುಳಿವೇ ಇರಲಿಲ್ಲ, ಬಿಚ್ಚು, ಸಡಿಲಿಸು ಎಂಬ ಅರ್ಥ. ವೇಗದ ಮೂಲಕ ವ್ಯಾಖ್ಯೆ ಕೊಟ್ಟವನು ಓಸ್ಟ್ವಾಲ್ಡ್, 1909ರ ನೊಬೆಲ್ ಅವನಿಗೆ ಆ ಕೆಲಸಕ್ಕೇ ಬಂದದ್ದು. ನಾವು ಅವನ ವ್ಯಾಖ್ಯೆಯನ್ನೇ ಪದ ಮಾಡಿಕೊಂಡೆವು. ಈ ಪ್ರಯೋಗದಲ್ಲಿ ವೇಗಕ್ಕಿಂತ ದೊಡ್ಡ ಪ್ರಶ್ನೆ ದಾರಿ ಯಾವುದು ಅನ್ನುವುದು. ನೈಟ್ರೇಟಿನಲ್ಲಿ ಸಾರಜನಕದ ಉತ್ಕರ್ಷಣ ಸಂಖ್ಯೆ (ಎಲೆಕ್ಟ್ರಾನ್ ಲೆಕ್ಕ) +5, ಅಮೋನಿಯಾದಲ್ಲಿ −3. ಎಂಟು ಎಲೆಕ್ಟ್ರಾನ್ ಕೊಡಬೇಕು. ಎರಡು ಕೊಟ್ಟು ನಿಂತರೆ ನೈಟ್ರೈಟ್, ಅದು ಕುಡಿಯುವ ನೀರಿಗೆ ನೈಟ್ರೇಟಿಗಿಂತ ಕೆಟ್ಟದ್ದು. ಐದಕ್ಕೆ ನಿಂತರೆ ಸಾರಜನಕ ಅನಿಲವಾಗಿ ಹಾರಿಹೋಯಿತು. ಅದೂ ಅಲ್ಲದೆ ಎಲೆಕ್ಟ್ರಾನ್ ನೀರಿನ ಕಡೆ ಹರಿದರೆ ಬರೀ ಹೈಡ್ರೋಜನ್ ಗುಳ್ಳೆ. ಇಷ್ಟು ಕವಲುಗಳಲ್ಲಿ ಅಮೋನಿಯಾದ ಕವಲನ್ನೇ ಹಿಡಿಯುವಂತೆ ಮಾಡುವುದು ತಾಮ್ರದ ಮೇಲ್ಮೈ. ಹಾಗಾಗಿ ‘ಕ್ರಿಯಾವರ್ಧಕ’ ವಾಸಿ. ಬಳಕೆಯಲ್ಲಿ ಇರುವ ಪದವೇ, ವೇಗ ಒಂದನ್ನೇ ಹಿಡಿದು ಕೂತಿಲ್ಲ.


ಎಂ.ಡಿ., ಧಾರವಾಡ

ಪಿಆರ್ ಅವರು ಹೇಳಿದ್ದೆಲ್ಲ ಖರೆ. ಆದರ ಎಲ್ಲಾರೂ ‘ಅಮೋನಿಯಾ’ ಪದಾನ ಕೇಳದನ ಒಳಗ ಬಿಟ್ಟುಕೊಂಡೀರಿ. ಇದಕ್ಕ ನಮ್ಮಲ್ಲಿ ಹೆಸರು ಅದ. ತಾಮ್ರದ ಕೊಡಕ್ಕ ಕಲಾಯಿ ಹಾಕೋದು ನೋಡಿದವರಿಗೆ ಗೊತ್ತಿರತದ: ತಿದಿ ಒತ್ತಿ ಪಾತ್ರೆ ಕಾಸತಾರ, ತವರ ಹಚ್ಚತಾರ, ಹತ್ತಿಯ ಅರಳಿಯೊಳಗ ನವಸಾಗರದ ಪುಡಿ ಹಿಡದು ಒಳಗೆಲ್ಲ ಒರಸತಾರ. ಭರ್ರನೆ ಬಿಳಿ ಹೊಗಿ ಏಳತದ, ಮೂಗು ಸುಡೋ ಘಾಟು. ಆ ಘಾಟೇ ಅಮೋನಿಯಾ. ಇಂಗ್ಲಿಷಿನ ಪದ ಬಂದದ್ದೂ ನವಸಾಗರದಿಂದನ. ಲ್ಯಾಟಿನ್ನಿನ ‘ಸಾಲ್ ಅಮೋನಿಯಾಕಸ್’, ಅಮೋನ್ ದೇವರ ಗುಡಿ ಕಡೆ ಸಿಗೋ ಉಪ್ಪು. ಆ ಗುಡಿ ಇದ್ದದ್ದು ಈಜಿಪ್ಟಿನ ಸೀವಾದೊಳಗ. ಆ ಉಪ್ಪಿನಿಂದ ಬರೋ ಗಾಳಿಗೆ 1782ರಾಗ ಸ್ವೀಡನ್ನಿನ ಬರ್ಗ್‌ಮನ್ ಅಮೋನಿಯಾ ಅಂತ ಹೆಸರಿಟ್ಟ. ಅವರು ಉಪ್ಪಿನ ಹೆಸರಿನಿಂದ ಗಾಳಿಗೆ ಹೆಸರಿಡಬಹುದು ಅಂದಮ್ಯಾಲೆ ನಾವು ‘ನವಸಾಗರಗಾಳಿ’ ಯಾಕ ಅನಬಾರದು?

ನೈಟ್ರೇಟಿಗೂ ಅಷ್ಟ. ಪೆಟ್ಲುಪ್ಪು ಅಂತ ನಮ್ಮ ಹಿರ್ಯಾರು ಅಂತಿದ್ದರು, ಮದ್ದಿಗೆ ಹಾಕೋ ಉಪ್ಪು.


ಎಚ್.ಎಸ್., ಮೈಸೂರು

ನವಸಾಗರ, ಸಂಸ್ಕೃತ. ‘ನವಸಾರ’ ಎಂಬ ರೂಪವೂ ಇದೆ. ಎಂಡಿ ಅವರು ಕಡೆಗೆ ಬಂದು ನಿಂತದ್ದು ಎಲ್ಲಿಗೆ ಎಂಬುದನ್ನು ಬಿಕೆ ಗಮನಿಸಲಿ.


ಎಂ.ಡಿ., ಧಾರವಾಡ

ಅಲ್ಲರೀ ಸರ್, ಫಾರಸಿಯ ‘ನೌಶಾದರ್’. ಒಂಬತ್ತು ಸಾಗರಕ್ಕೂ ಅದಕ್ಕೂ ಸಂಬಂಧ ಇಲ್ಲ. ವ್ಯಾಪಾರದ ಮಾಲಿನ ಜೊತಿ ಹೆಸರು ಬಂತು, ಸಂಸ್ಕೃತದವರು ತಮ್ಮ ಬಾಯಿಗೆ ಹೊಂದೋಹಂಗ ತಿದ್ದಿಕೊಂಡರು, ನಾವೂ ಇಟಗೊಂಡ್ವಿ. ಸಂಸ್ಕೃತ ಕಡ ತಗೊಂಡದ್ದನ್ನ ಶುದ್ಧ ಅಂತೀರಿ, ಕನ್ನಡ ಇಂಗ್ಲಿಷಿನಿಂದ ತಗೊಂಡರ ಅಶುದ್ಧ ಅಂತೀರಿ. ಕೊಂಡ ಅಂಗಡಿ ನೋಡಿ ಪದಕ್ಕ ಜಾತಿ ಹಚ್ಚೋದು ನಿಲ್ಲಿಸೋಣ.


ಎಚ್.ಎಸ್., ಮೈಸೂರು

ಸಂಸ್ಕೃತದಿಂದ ಬಂದ ಧಾತು, ಉಪಸರ್ಗಗಳಿಂದ ಕನ್ನಡಿಗನು ಹೊಸ ಪದ ಕಟ್ಟಬಲ್ಲ. ಉತ್ಕರ್ಷಣ ಗೊತ್ತಿದ್ದವನು ಅಪಕರ್ಷಣವನ್ನು ಊಹಿಸಬಲ್ಲ. ‘ರಿಡಕ್ಷನ್’ ತಂದರೆ ಅದರಿಂದ ಹತ್ತು ಪದ ಕಟ್ಟಲಾದೀತೆ? ವಿಚಾರ ಇದು, ಜಾತಿಯಲ್ಲ. ಸಾರಜನಕವನ್ನೇ ನೋಡಿ. ಫ್ರಾನ್ಸಿನ ರಸಾಯನವಿಜ್ಞಾನಿ ಲಾವೋಸಿಯೇ ಆ ಅನಿಲಕ್ಕೆ ‘ಅಜೋಟ್’ ಎಂದ, ಜೀವಕ್ಕೆ ಒದಗದ್ದು ಎಂದರ್ಥ. ತೆಲುಗರ ‘ನತ್ರಜನಿ’ ಅರ್ಧ ಗ್ರೀಕು. ನಾವು ಸಾರ ಹುಟ್ಟಿಸುವುದು ಎಂದೆವು. ಮಣ್ಣಿನ ಸಾರವನ್ನು ನೆನೆದು ನೋಡಿದರೆ ಮೂರರಲ್ಲಿ ನಿಜಕ್ಕೆ ಹತ್ತಿರವಾದದ್ದು ಕನ್ನಡದ ಪದ. ಅದನ್ನು ಕಟ್ಟಿದ್ದು ಸಂಸ್ಕೃತದ ಸಾಮಗ್ರಿಯಿಂದ.


ಬಿ.ಕೆ., ಶಿವಮೊಗ್ಗ

ಕನ್ನಡದ ಬೇರುಗಳಿಂದಲೂ ಕಟ್ಟಬಹುದು, ಕಟ್ಟಲು ಬಿಡುತ್ತಿಲ್ಲ. ರಿಡಕ್ಷನ್ ಬದಲು ಇಳಿಸು, ಇಳಿಕೆ, ಇಳಿಸುಗ. ಎಣಿಸಿ, ಮೂರು ಆಯಿತು. ಹೆಪ್ಪು ಬೇಡವಾದರೆ ಕ್ಯಾಟಲಿಸ್ಟ್‌ಗೆ ‘ನಡೆಸುಗ’.


ಎಚ್.ಎಸ್., ಮೈಸೂರು

ಓದುಗ, ಕೇಳುಗ, ನೋಡುಗ. ‘-ಉಗ’ ಹತ್ತುವುದು ಮನುಷ್ಯರಿಗೆ. ತಾಮ್ರದ ತಗಡು ನಡೆಸುಗ ಆಗಲಾರದು.


ಪಿ.ಆರ್., ಮಂಗಳೂರು

ಎರಡು ತಿದ್ದುಪಡಿ. ಎಂಡಿ ಅವರೆ, ನವಸಾಗರ ಅಮೋನಿಯಂ ಕ್ಲೋರೈಡ್. ಕಾಸಿದಾಗ ಅಮೋನಿಯಾ ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಬರುತ್ತದೆ, ತಾಮ್ರದ ಮೇಲಿನ ಕಿಲುಬು ಬಿಡಿಸುವುದು ಅದರಿಂದ. ‘ನವಸಾಗರಗಾಳಿ’ ಅಂದರೆ ಯಾವುದು ಎಂಬ ಗೊಂದಲ ಉಳಿಯುತ್ತದೆ. ಪೆಟ್ಲುಪ್ಪು ಒಂದು ನಿರ್ದಿಷ್ಟ ಲವಣ, ಪೊಟ್ಯಾಸಿಯಂ ನೈಟ್ರೇಟ್. ಬೋರ್‌ವೆಲ್ ನೀರಿನಲ್ಲಿ ಪೆಟ್ಲುಪ್ಪು ಇದೆ ಎಂದು ಫಲಕ ಹಾಕಿದರೆ ಜನ ಗಾಬರಿಯಾಗುತ್ತಾರೆ.

‘ಇಳಿಕೆ’ಗೆ ಕೂಡ ಅದೇ ತೊಡಕು. ನೈಟ್ರೇಟ್ ಇಳಿಕೆ ಎಂದರೆ ನೀರಿನಲ್ಲಿ ನೈಟ್ರೇಟಿನ ಪ್ರಮಾಣ ಕಡಿಮೆಯಾಯಿತು ಅಂತಲೇ ಓದುವುದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಅತಿ ಹೆಚ್ಚು ನೈಟ್ರೇಟ್ ತೊಂದರೆಯ ರಾಜ್ಯಗಳಲ್ಲಿ ರಾಜಸ್ಥಾನ, ತಮಿಳುನಾಡಿನ ಜೊತೆ ಕರ್ನಾಟಕವನ್ನೂ ಹೆಸರಿಸಿದೆ. ಲೀಟರಿಗೆ 45 ಮಿಲಿಗ್ರಾಂ ಮಿತಿಯ ಕೆಳಗೆ ಇಳಿಯಿತೋ ಇಲ್ಲವೋ ಎಂದು ಕೇಳುವ ಊರುಗಳಲ್ಲಿ ಆ ಅರ್ಥವೇ ಮೊದಲು ಹೊಳೆಯುವುದು. ನೈಟ್ರೇಟನ್ನು ಸೋಸಿ ತೆಗೆದರೂ ಇಳಿಕೆಯೇ. ಇಲ್ಲಿ ನಡೆಯುವುದು ಬೇರೆ, ಎಲೆಕ್ಟ್ರಾನ್ ಪಡೆದು ಆಮ್ಲಜನಕ ಕಳೆದುಕೊಂಡು ಹೈಡ್ರೋಜನ್ ಕಟ್ಟಿಕೊಳ್ಳುವುದು. ಅದಕ್ಕೆ ಅಪಕರ್ಷಣವೇ ಇರಲಿ, ಈ ಒಂದರಲ್ಲಿ ಎಚ್‌ಎಸ್ ಸರ್ ಹೇಳಿದ್ದು ಸರಿ. ಆದರೆ ಶೀರ್ಷಿಕೆಯಲ್ಲಿ ಬೇಡ, ಕೆಳಗಿನ ವಿವರಣೆಯಲ್ಲಿ ಒಮ್ಮೆ ಬಂದರೆ ಸಾಕು.


ವಿ.ಎಂ., ಕೋಲಾರ

ಪಿಆರ್ ಸರ್, ಇನ್ನೊಂದು ಉಳಿದಿದೆ. ‘ಫ್ಯಾರಡೇಯಿಕ್ ಎಫಿಶಿಯೆನ್ಸಿ’ ಎಂದು ಒಂದು ಸಾಲಿದೆ.

ಎಂಡಿ ಅವರೆ, ನಮ್ಮ ಕಡೆ ರೈತರು ಯೂರಿಯಾ, ಡಿಎಪಿ, ಅಮೋನಿಯಾ ಅಂತಲೇ ಮಾತಾಡುತ್ತಾರೆ. 45 ಕೆಜಿ ಯೂರಿಯಾ ಚೀಲದ ಮೇಲಿನ 46 ಶೇಕಡಾ ಯಾವುದರ ಲೆಕ್ಕ ಎಂದು ಕೇಳಿದರೆ ಹೇಳುವವರಿದ್ದಾರೆ. ಅವರ ಬಾಯಲ್ಲಿ ಆಗಲೇ ಇರುವ ಪದವನ್ನು ತೆಗೆದು ನವಸಾಗರಗಾಳಿ ಇಟ್ಟರೆ ಗೊತ್ತಿದ್ದದ್ದನ್ನು ಗೊತ್ತಿಲ್ಲದಂತೆ ಮಾಡಿದಂತಾಗುತ್ತದೆ.


ಪಿ.ಆರ್., ಮಂಗಳೂರು

‘ಫ್ಯಾರಡೇ ದಕ್ಷತೆ’ ಎಂದು ಇಡಿ. ಪಕ್ಕದಲ್ಲೇ ಒಂದು ವಾಕ್ಯ ಬೇಕೇ ಬೇಕು: ಹರಿಸಿದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಅಮೋನಿಯಾ ಮಾಡಲು ಹೋಯಿತು ಎಂಬ ಅಳತೆ. ಕರೆಂಟ್ ಬಿಲ್ ಕಟ್ಟುವವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.


ವಿ.ಎಂ., ಕೋಲಾರ

ಎಲ್ಲರಿಗೂ ಕೃತಜ್ಞತೆಗಳು. ಅಂಗಡಿಯವರು ಫೋನ್ ಮಾಡುತ್ತಿದ್ದಾರೆ, ಹೀಗೆ ಕೊಡುತ್ತಿದ್ದೇನೆ.

ದೊಡ್ಡ ಅಕ್ಷರದಲ್ಲಿ: ‘ಬೋರ್‌ವೆಲ್ ನೀರಿನ ನೈಟ್ರೇಟಿನಿಂದ ಅಮೋನಿಯಾ’

ಅದರ ಕೆಳಗೆ: ‘ವಿದ್ಯುತ್ತು ಮತ್ತು ತಾಮ್ರದ ಕ್ರಿಯಾವರ್ಧಕದಿಂದ’

ವಿವರಣೆಯ ಮೊದಲ ಸಾಲು: ‘ತಾಮ್ರದ ಮೇಲ್ಮೈಯಲ್ಲಿ ನೈಟ್ರೇಟ್ ಎಂಟು ಎಲೆಕ್ಟ್ರಾನ್ ಪಡೆದು ಅಮೋನಿಯಾ ಆಗುತ್ತದೆ. ಹೀಗೆ ಎಲೆಕ್ಟ್ರಾನ್ ಪಡೆಯುವುದನ್ನು ರಸಾಯನಶಾಸ್ತ್ರದಲ್ಲಿ ಅಪಕರ್ಷಣ ಎನ್ನುತ್ತಾರೆ.’


ಎಚ್.ಎಸ್., ಮೈಸೂರು

‘ನೈಟ್ರೇಟ್‌ನಿಂದ’ ಎನ್ನದೆ ‘ನೈಟ್ರೇಟಿನಿಂದ’ ಎಂದಿರುವುದು ಸರಿಯಾಗಿದೆ. ‘ವಿದ್ಯುತ್ತು’ ತಪ್ಪು. ಮೂಲ ರೂಪ ವಿದ್ಯುತ್. ಮುದ್ರಣಕ್ಕೆ ಮುಂಚೆ ತಿದ್ದಿ.


ಬಿ.ಕೆ., ಶಿವಮೊಗ್ಗ

ತಿದ್ದಬೇಡಿ ವಿಎಂ ಅವರೆ. ನಯ್ಟ್ರೇಟಿಗೆ ‘ಇನಿಂದ’ ಹತ್ತಿದ್ದು ಯಾವ ಕಟ್ಟಲೆಯಿಂದಲೋ ವಿದ್ಯುತ್ತಿಗೆ ‘ಉ’ ಹತ್ತಿದ್ದೂ ಅದೇ ಕಟ್ಟಲೆಯಿಂದ.