ಫ್ಲೆಕ್ಸ್ ಅಂಗಡಿಯನ್ನು ಮುಚ್ಚಬೇಕೇ? ಹೊಟ್ಟೆಪಾಡು ಮತ್ತು ಮನಸ್ಸಿಗೆ ಒಪ್ಪುವ ಕೆಲಸದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಅಕ್ಷರದವನು, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಒಂದು ಸಣ್ಣ ಫ್ಲೆಕ್ಸ್ ಮುದ್ರಣದ ಅಂಗಡಿ ನಡೆಸುತ್ತಿದ್ದೇನೆ. ಕಲಿತದ್ದು ಚಿತ್ರಕಲೆ. ಓದು ಮುಗಿದ ಮೇಲೆ ಕೆಲವು ವರ್ಷ ಹಿರಿಯ ಕಲಾವಿದರೊಬ್ಬರ ಜೊತೆ ಅಂಗಡಿಗಳ ಬೋರ್ಡು, ಶಾಲೆಯ ಗೋಡೆ, ಬಸ್ಸಿನ ಹಣೆಯ ಮೇಲಿನ ಊರುಗಳ ಹೆಸರು ಬರೆದು ಕೈ ಪಳಗಿಸಿಕೊಂಡೆ. ಬಣ್ಣದ ಪುಡಿ ಸವರಿದ ದಾರವನ್ನು ಗೋಡೆಗೆ ಹೊಡೆದು ಗೆರೆ ಮೂಡಿಸಿ, ಯಾವ ಅಕ್ಷರದ ಕೆಳಗೆ ಒತ್ತು ಬರುತ್ತದೆ, ಅದಕ್ಕೆಷ್ಟು ಜಾಗ ಬೇಕು ಎಂದು ಮೊದಲೇ ಅಂದಾಜು ಮಾಡಿ, ಬ್ರಷ್ ಎತ್ತದೆ ತಲಕಟ್ಟು ಎಳೆಯುವ ಆ ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಫ್ಲೆಕ್ಸ್ ಬಂದ ಮೇಲೆ ಬರೆಸುವವರು ಕಡಿಮೆಯಾದರು. ಸಾಲ ಮಾಡಿ ನಾನೂ ಯಂತ್ರ ತಂದೆ. ಈಗ ಕಂಪ್ಯೂಟರಿನ ಮುಂದೆ ಕುಳಿತು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಗಳನ್ನು ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿಸುವುದೇ ನನ್ನ ಅಕ್ಷರ ಸೇವೆ.

ಬರುವ ಕೆಲಸದಲ್ಲಿ ದೊಡ್ಡ ಪಾಲು ಹುಟ್ಟುಹಬ್ಬದ ಶುಭಾಶಯಗಳದ್ದು. ನಡುವೆ ಕೈಮುಗಿದು ನಿಂತ ನಾಯಕರು, ತಲೆಯ ಮೇಲೆ ‘ಬಡವರ ಬಂಧು’ ಎಂಬ ಬಿರುದು, ಕೆಳಗೆ ‘ಶುಭ ಕೋರುವವರು’ ಎಂದು ಸಾಲುಸಾಲಾಗಿ ಮುಖಗಳು. ಯಾರ ಮುಖ ಯಾರಿಗಿಂತ ಒಂದು ಬೆರಳು ದೊಡ್ಡದಿರಬೇಕು ಎಂಬ ವಿಷಯಕ್ಕೆ ನನ್ನ ಅಂಗಡಿಯೊಳಗೇ ಜಗಳಗಳಾಗಿವೆ. ಆ ಬಿರುದುಗಳಲ್ಲಿ ಒಂದನ್ನೂ ನಾನು ನಂಬುವುದಿಲ್ಲ. ಇದರ ಮೇಲೆ ಪ್ಲಾಸ್ಟಿಕ್ಕಿನ ಚಿಂತೆ ಬೇರೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಬ್ಯಾನರ್ ಮತ್ತು ಫ್ಲೆಕ್ಸ್‌ಗಳ ಹೆಸರೂ ಇತ್ತು. ನಿಷೇಧ ಕಾಗದದಲ್ಲಿ ಉಳಿದಿದೆ, ಫ್ಲೆಕ್ಸ್ ಕಂಬದಲ್ಲಿ ಉಳಿದಿದೆ. ಪಿವಿಸಿ ಹಾಳೆ ಮಣ್ಣಿನಲ್ಲಿ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ ಏಳುತ್ತದೆ ಎಂಬುದನ್ನು ಬಲ್ಲವನೇ ದಿನವೂ ಅದನ್ನು ಸುರುಳಿಗಟ್ಟಲೆ ಬಿಚ್ಚುತ್ತಿದ್ದೇನೆ.

ಒಂದು ಬಗೆಯ ಕೆಲಸ ಮಾತ್ರ ಮನಸ್ಸಿಗೆ ಹತ್ತುತ್ತದೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಅದು ಶ್ರದ್ಧಾಂಜಲಿಯ ಕೆಲಸ. ಹಳ್ಳಿಯಿಂದ ಬಂದ ಮಗನೊಬ್ಬ ತಾಯಿಯ ಪಡಿತರ ಚೀಟಿಯನ್ನು ಮುಂದಿಡುತ್ತಾನೆ, ಬೇರೆ ಫೋಟೊ ಇರುವುದಿಲ್ಲ. ಕೆನ್ನೆಯ ಮೇಲೆ ಬಿದ್ದ ಸೀಲಿನ ಕಲೆ ಅಳಿಸಿ, ಮಸುಕಾದ ಮೂಗುಬೊಟ್ಟನ್ನು ಮತ್ತೆ ಕಾಣಿಸಿ, ಸೆರಗಿನ ಬಣ್ಣ ಯಾವುದಿತ್ತೆಂದು ಅವನನ್ನೇ ಕೇಳಿ ತುಂಬಿದಾಗ ಅವನು ಪರದೆ ನೋಡಿ, ‘ಹೌದು, ಹಿಂಗೇ ಇದ್ದಳು ನಮ್ಮವ್ವ’ ಎನ್ನುತ್ತಾನೆ. ಅಂಥ ಕೆಲಸಕ್ಕೆ ರಾತ್ರಿ ಹನ್ನೊಂದಾದರೂ ಬೇಸರವಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಂಗಡಿ ಮುಚ್ಚಿ, ಕೈಬರಹದ ಬೋರ್ಡುಗಳನ್ನಷ್ಟೇ ನೆಚ್ಚಿಕೊಂಡು ಬದುಕುವ ಧೈರ್ಯ ಮಾಡಬೇಕೇ? ಹಗಲು ನಂಬದ್ದನ್ನು ಮುದ್ರಿಸಿ, ರಾತ್ರಿ ನಂಬಿದ್ದನ್ನು ಬರೆಯುವುದು ಆತ್ಮವಂಚನೆಯಲ್ಲವೇ? ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಮಕ್ಕಳಿಬ್ಬರು ಓದುತ್ತಿದ್ದಾರೆ, ಯಂತ್ರದ ಸಾಲದ ಕಂತು ಇನ್ನೂ ಇದೆ.

ಉತ್ತರ: ನಿವೃತ್ತ ಶಿಕ್ಷಕ, ಬೇಲೂರು

ತಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಬೇರೆಯವರು ಹೇಳಿ ಮಾಡಿಸುವ ಕೆಲಸದಲ್ಲಿ ನಮ್ಮತನ ಉಳಿಯುತ್ತದೆಯೇ ಎಂಬುದು ಒಂದು. ಇಂಥದ್ದೇ ಕೆಲಸವನ್ನು ಮಾಡಬಾರದು ಎಂಬ ಗೆರೆ ಎಲ್ಲಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಮ್ಮೂರಿನ ದೇವಸ್ಥಾನದ ಉದಾಹರಣೆ ಕೊಡುತ್ತೇನೆ.

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದೇವರ ಪ್ರತಿಷ್ಠೆಯಾದದ್ದು 1117ರಲ್ಲಿ. ಚೋಳರ ಮೇಲಿನ ಗೆಲುವಿನ ನೆನಪಿಗೆ ವಿಷ್ಣುವರ್ಧನ ಕಟ್ಟಿಸಿದನೆಂಬ ಮಾತಿದೆ. ಶಾಸನದಲ್ಲಿ ದೇವರ ಹೆಸರೇ ವಿಜಯನಾರಾಯಣ. ಅಂದರೆ ಅದೂ ದೊರೆಯ ಹಿರಿಮೆಯನ್ನು ಸಾರಲು ದೊರೆಯೇ ಮಾಡಿಸಿದ ಕೆಲಸ. ಆದರೆ ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ ನೋಡಿ: 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯಲ್ಲಿ ಒಂದು ಪಕ್ಕ ಬೈಚೋಜನ ಕೈ, ಇನ್ನೊಂದು ಪಕ್ಕ ಮಲ್ಲಿತಮ್ಮನ ಕೈ. ವಿಷಯ ಒಂದೇ, ದೇವತೆಗಳು ಅವರೇ, ಕಲ್ಲೂ ಅದೇ ಬಳಪದ ಕಲ್ಲು. ಆದರೂ ಇಬ್ಬರ ಕೆಲಸವನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಅದೇ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲಿಯೂ ಇದೆ.

ಆದ್ದರಿಂದ ಹಣ ಕೊಟ್ಟವರು ಯಾರು ಎಂಬುದರಿಂದಲೇ ಕೆಲಸದ ಸಾಚಾತನ ತೀರ್ಮಾನವಾಗುವುದಿಲ್ಲ. ಯಾವ ಕೆಲಸದ ಮೂಲೆಯಲ್ಲಿ ನಿಮ್ಮ ಹೆಸರು ಹಾಕಲು ಕೈ ತಾನಾಗಿ ಮುಂದಾಗುತ್ತದೆಯೋ ಅದು ನಿಮ್ಮದು. ಶ್ರದ್ಧಾಂಜಲಿಯ ಆ ಮುಖದ ಕೆಳಗೆ ತಾವು ಹೆಸರು ಹಾಕುತ್ತೀರಿ, ‘ಬಡವರ ಬಂಧು’ವಿನ ಕೆಳಗೆ ಹಾಕುವುದಿಲ್ಲ. ಉತ್ತರ ತಮ್ಮ ಬರಹದಲ್ಲೇ ಇದೆ ಎಂದು ನನಗೆ ತೋರುತ್ತದೆ.

ಉತ್ತರ: ಚನ್ನರಾಯಪಟ್ಟಣದ ಹೆಣ್ಣುಮಗಳು

ಮೇಷ್ಟ್ರ ಮಾತು ಚೆನ್ನಾಗಿದೆ. ಆದರೆ ದಾಸೋಜನ ಮನೆಯ ಅಕ್ಕಿ-ಬೇಳೆಯ ಲೆಕ್ಕವನ್ನು ಯಾವ ಪೀಠದ ಮೇಲೂ ಯಾರೂ ಕೆತ್ತಿಲ್ಲ. ನನಗೆ ಗೊತ್ತಿರುವ ಒಂದು ಮನೆಯ ಲೆಕ್ಕ ಹೇಳುತ್ತೇನೆ, ಅದು ನಮ್ಮದೇ ಮನೆ.

ನಮ್ಮ ಸೀಮೆಯ ಪೌರಾಣಿಕ ನಾಟಕಗಳ ವಿಷಯ ಇಲ್ಲಿನವರಿಗೆ ಹೊಸದಲ್ಲ. ಹಳ್ಳಿಯ ರೈತರು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಸೇರಿ ‘ಕುರುಕ್ಷೇತ್ರ’ ಆಡುತ್ತಾರೆ. ಪಾರ್ಟು ಮಾಡುವವರಿಗೆ ಯಾರೂ ಸಂಭಾವನೆ ಕೊಡುವುದಿಲ್ಲ, ಅವರೇ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ, ಭೀಮನಂಥ ದೊಡ್ಡ ಪಾರ್ಟಿಗೆ ದೊಡ್ಡ ಮೊತ್ತ, ಸಣ್ಣ ಪಾರ್ಟಿಗೆ ಸಣ್ಣದು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಸ್ತ್ರೀಪಾತ್ರದವರ ಖರ್ಚು ಎಲ್ಲವೂ ಅದರಿಂದಲೇ ನಡೆಯಬೇಕು. ನಮ್ಮ ಅಪ್ಪ ದುರ್ಯೋಧನನ ಪಾರ್ಟು ಮಾಡುತ್ತಿದ್ದರು. ತಿಂಗಳುಗಟ್ಟಲೆ ರಾತ್ರಿ ತಾಲೀಮು. ಹಾಸನಾಂಬ ಕಲಾಕ್ಷೇತ್ರದಲ್ಲಿ ಆಡುವ ಅವಕಾಶ ಬಂದ ವರ್ಷ ಅಮ್ಮನ ಎರಡೆಳೆ ಸರ ಗಿರವಿ ಅಂಗಡಿಗೆ ಹೋಯಿತು. ಗದೆ ಹೊತ್ತು ರಂಗಕ್ಕೆ ಬಂದು ಮೊದಲ ಹಾಡು ಎತ್ತಿದ ಅಪ್ಪನ ಮುಖದಲ್ಲಿದ್ದ ಕಳೆಯನ್ನು ಹೊಲದಲ್ಲಾಗಲಿ ಮನೆಯಲ್ಲಾಗಲಿ ನಾನು ಕಂಡವಳಲ್ಲ. ಅಮ್ಮ ಮುಂದಿನ ಸಾಲಿನಲ್ಲಿ ಕುಳಿತು, ಅಪ್ಪ ಮಾತು ಮರೆತರೆ ಎತ್ತಿಕೊಡುವಷ್ಟು ಇಡೀ ನಾಟಕವನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಸರ ಬಿಡಿಸಿಕೊಂಡು ಬರಲಾಗಲಿಲ್ಲ.

ಅಪ್ಪ ತಪ್ಪು ಮಾಡಿದರು ಎಂದು ಹೇಳಲು ನನಗೆ ನಾಲಿಗೆ ಬಾರದು, ಸರಿ ಮಾಡಿದರು ಎಂದು ಹೇಳುವುದೂ ಆಗದು. ನಾನು ಕೇಳುವುದು ಬೇರೆ: ಅಮ್ಮನಿಗೂ ಏನಾದರೂ ಆಗಬೇಕೆಂದಿತ್ತೇ ಎಂದು ನಮ್ಮಲ್ಲಿ ಯಾರಾದರೂ ವಿಚಾರಿಸಿದ್ದೆವೇ? ತಮ್ಮ ಮೌಲ್ಯಕ್ಕೆ ತಕ್ಕ ಬದುಕು ಎಂದು ಬರೆಯುವವರ ಬರಹಗಳಲ್ಲಿ ಮನೆಯವರು ಯಾವಾಗಲೂ ಕೊನೆಯ ಸಾಲಿನಲ್ಲಿ, ಸಾಲದ ಕಂತಿನ ಪಕ್ಕದಲ್ಲಿ ಬರುತ್ತಾರೆ. ನಿಮ್ಮ ಪ್ರಶ್ನೆಯಲ್ಲೂ ಹಾಗೆಯೇ ಆಗಿದೆ. ಅಣ್ಣಾ, ಈ ಪ್ರಶ್ನೆಯನ್ನು ಮೊದಲು ಅತ್ತಿಗೆಯವರ ಮುಂದಿಡಿ, ಅವರು ಏನನ್ನು ಬಿಟ್ಟುಕೊಟ್ಟಿದ್ದಾರೆ ಎಂಬುದನ್ನೂ ಕೇಳಿ. ಆಮೇಲೆ ನಮ್ಮನ್ನು ಕೇಳಿದರಾಯಿತು.

ಉತ್ತರ: ಓದುಗ, ಸಕಲೇಶಪುರ

ಆತ್ಮವಂಚನೆ ಎಂಬ ಮಾತಿಗಷ್ಟೇ ನನ್ನ ತಕರಾರು. ನಿಮ್ಮ ಊರಿನವರೇ ಆದ ಬಾನು ಮುಷ್ತಾಕ್ ಅವರು ವಕೀಲಿಕೆ ಮಾಡುತ್ತಲೇ ದಶಕಗಳ ಕಾಲ ಕತೆಗಳನ್ನು ಬರೆದರು; 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಹೊಟ್ಟೆಪಾಡಿನ ಕೆಲಸ ಒಂದು ಕಡೆ, ಸೃಜನಶೀಲತೆ ಇನ್ನೊಂದು ಕಡೆ ಎಂದು ಗೋಡೆ ಕಟ್ಟಿಕೊಂಡರೆ ಪಡಿತರ ಚೀಟಿಯ ಆ ಮುಖವನ್ನು ಯಾವ ಕಡೆಗೆ ಇಡುತ್ತೀರಿ?

ಉತ್ತರ: ಕಾಫಿ ಬೆಳೆಗಾರ, ಮೂಡಿಗೆರೆ

ಗೆರೆ ಎಲ್ಲಿ ಎಂಬ ಎರಡನೆಯ ಪ್ರಶ್ನೆಯನ್ನು ಮೇಷ್ಟ್ರು ಎತ್ತಿ ಅಲ್ಲಿಯೇ ಬಿಟ್ಟಿದ್ದಾರೆ. ಅದರ ಬಗ್ಗೆ ತೋಟದ ಅನುಭವದಿಂದ ಹೇಳುತ್ತೇನೆ.

ಅತ್ತಿ, ಹಲಸು, ನೇರಳೆಯಂಥ ಕಾಡುಮರಗಳ ನೆರಳಿನಲ್ಲಿಯೇ ಕಾಫಿ ಬೆಳೆಯಬೇಕು ಎಂಬುದು ನನ್ನ ಹಟ. ಸುತ್ತಮುತ್ತಲ ಅನೇಕ ತೋಟಗಳಲ್ಲಿ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ್ದಾರೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಷ್ಟಕಾಲಕ್ಕೆ ಕಡಿದು ಮಾರಬಹುದು. ಅವರನ್ನು ನಾನು ದೂರುವುದಿಲ್ಲ. ನೆರಳು ಹೆಚ್ಚಾದರೆ ಇಳುವರಿ ಕಡಿಮೆ, ಪ್ರತಿ ವರ್ಷ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವ ಕೂಲಿಯೂ ಹೆಚ್ಚು. ಅತಿಯಾಗಿ ಬಿಸಿಲು ಬಿದ್ದರೆ ಅರೇಬಿಕಾ ತಳಿಯ ಕಾಫಿಗೆ ಬಿಳಿ ಕಾಂಡಕೊರಕ ಹುಳುವಿನ ಕಾಟ ಜಾಸ್ತಿಯಾಗುತ್ತದೆ ಎಂಬುದು ನನ್ನ ಪರವಾಗಿರುವ ಒಂದೇ ವ್ಯಾವಹಾರಿಕ ವಾದ. ಉಳಿದದ್ದೆಲ್ಲ ಮನಸ್ಸಿನ ವಿಷಯ. ಹಣ್ಣಿನ ಕಾಲದಲ್ಲಿ ಅತ್ತಿಮರದ ಮೇಲೆ ಮಂಗಟ್ಟೆ ಹಕ್ಕಿ ಬಂದು ಕೂರುತ್ತದೆ, ಅದು ನನಗೆ ಬೇಕು.

ಬೆಲೆ ಬಿದ್ದ ವರ್ಷಗಳಲ್ಲಿ ಈ ಹಟ ಉಳಿಸಿಕೊಳ್ಳುವುದು ಕಷ್ಟವೆಂದು ಜನ ತಿಳಿಯುತ್ತಾರೆ. ಅದು ನಿಜವಲ್ಲ. ಬೆಲೆ ಬಿದ್ದಾಗ ಮರ ಕಡಿಸಿ ಹೊಸ ಗಿಡ ಹಾಕಲು ಕೈಯಲ್ಲಿ ಹಣವೇ ಇರುವುದಿಲ್ಲ. ನಿಜವಾದ ಪರೀಕ್ಷೆ ಬಂದದ್ದು 2024ರಲ್ಲಿ, ರೊಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ. ಇನ್ನಷ್ಟು ಬಿಸಿಲು ಬಿಟ್ಟರೆ ಎಷ್ಟು ಚೀಲ ಹೆಚ್ಚು ಸಿಗುತ್ತಿತ್ತು ಎಂದು ತೋಟದ ಲೆಕ್ಕ ಬರೆಯುವ ರೈಟರ್ ಲೆಕ್ಕ ಹಾಕಿ ತೋರಿಸಿದರು. ಆ ಅಂಕಿ ನೋಡಿದ ಮೇಲೂ ಮರ ಉಳಿಸಿದೆನಾದ್ದರಿಂದ ಅದು ನನ್ನ ಮೌಲ್ಯ ಎಂದು ಈಗ ಹೇಳಬಲ್ಲೆ. ಜೊತೆಗೆ ಇದನ್ನೂ ಹೇಳಬೇಕು: ಇಳಿಜಾರಿನ ಒಂದು ಭಾಗದಲ್ಲಿ ನಮ್ಮ ತಂದೆಯವರ ಕಾಲದ ಸಿಲ್ವರ್ ಓಕ್ ಇಂದಿಗೂ ಇದೆ, ಮಗಳ ಓದಿನ ಖರ್ಚು ಅದರಿಂದ ನಡೆಯಿತು. ಇಡೀ ತೋಟ ಒಂದೇ ತತ್ತ್ವದ ಮೇಲೆ ನಿಂತಿಲ್ಲ.

ನೀವೂ ಅಂಗಡಿಯನ್ನು ಇಡಿಯಾಗಿ ತೂಗಬೇಡಿ. ಯಾವ ಕೆಲಸ ಬಿಟ್ಟರೆ ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ ಎಂದು ರೂಪಾಯಿಯಲ್ಲಿ ಬರೆದು ನೋಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದ. ಚನ್ನರಾಯಪಟ್ಟಣದ ತಂಗಿಯ ಮಾತಿನಂತೆ ಪತ್ನಿಯ ಜೊತೆ ಕುಳಿತು ಮಾತಾಡಿದೆ, ಮೂಡಿಗೆರೆಯವರ ಮಾತಿನಂತೆ ಲೆಕ್ಕದ ಪುಸ್ತಕಗಳನ್ನೂ ತೆಗೆದೆವು. ಕಂತು ತೀರುವವರೆಗೆ ಯಂತ್ರ ನಿಲ್ಲಬಾರದು ಎಂಬುದು ಅವಳ ಖಚಿತ ಅಭಿಪ್ರಾಯ. ಸಂಜೆಯ ಹೊತ್ತು ಅಂಗಡಿಯ ಬಿಲ್ಲುಗಳನ್ನು ನೋಡಿಕೊಳ್ಳುವ ಸಲುವಾಗಿ ಅವಳು ವೀಣೆಯ ಪಾಠ ನಿಲ್ಲಿಸಿದ್ದಳು. ಅದು ಮತ್ತೆ ಶುರುವಾಗಬೇಕು ಎಂಬುದು ಅವಳ ಬೇಡಿಕೆ, ಅದಕ್ಕೆ ಎದುರು ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಲೆಕ್ಕ ತೆಗೆದಾಗ ಸಿಕ್ಕ ಸಂಗತಿ ನಗು ತರಿಸಿತು. ಹುಟ್ಟುಹಬ್ಬದ ಫ್ಲೆಕ್ಸ್ ಇಲ್ಲದೆ ಅಂಗಡಿ ನಡೆಯದು ಎಂದು ನಾನು ತಿಳಿದಿದ್ದೆ. ಉದ್ರಿ ಪುಸ್ತಕ ತೆರೆದರೆ ಬಾಕಿ ಉಳಿಸಿಕೊಂಡವರಲ್ಲಿ ಹೆಚ್ಚಿನವರು ಶುಭ ಕೋರುವವರೇ. ಹಬ್ಬ ಮುಗಿದ ಮೇಲೆ ಅವರ ಫೋನು ಎತ್ತುವವರಿಲ್ಲ. ನಗದು ಕೊಟ್ಟು ಹೋದವರು ಹೋಟೆಲಿನವರು, ನಾಮಕರಣದವರು, ಬಟ್ಟೆ ಅಂಗಡಿಯವರು ಮತ್ತು ಸಾವಿನ ಮನೆಯವರು. ಇನ್ನು ಮುಂದೆ ಬಿರುದಿನ ಕೆಲಸಕ್ಕೆ ಪೂರ್ತಿ ಹಣ ಮುಂಗಡ ಎಂದು ಪತ್ನಿ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಅರ್ಧಕ್ಕರ್ಧ ಜನ ತಾವಾಗಿ ದೂರವಾಗುತ್ತಾರೆ ಎಂಬುದು ಅವಳ ಅಂದಾಜು. ಉಳಿದ ಅರ್ಧವನ್ನು ನಾನೇ ಬಾಯಿಬಿಟ್ಟು ಬೇಡವೆನ್ನಬೇಕಾಗುತ್ತದೆ, ಆ ಕಷ್ಟ ಮುಂದಿದೆ.

ಮೇಷ್ಟ್ರೇ, ತಮ್ಮ ಮಾತಿನಲ್ಲಿ ಒಂದನ್ನು ಮಾತ್ರ ಒಪ್ಪಲಾರೆ. ತಾಯಿಯ ಮುಖದ ಕೆಳಗೆ ನನ್ನ ಹೆಸರು ಹಾಕಬಹುದು, ಆದರೆ ಆ ಮುಖವೂ ಅದೇ ಪಿವಿಸಿ ಹಾಳೆಯ ಮೇಲೆಯೇ ಇರುತ್ತದೆ; ತಿಥಿ ಕಳೆದ ಮೇಲೆ ಅದು ದನದ ಕೊಟ್ಟಿಗೆಯ ಮಾಡಿಗೋ ಚರಂಡಿಗೋ ಹೋಗುತ್ತದೆ. ಬಟ್ಟೆಯ ಮೇಲೆ ಮುದ್ರಿಸಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಹೋಮ್‌ಸ್ಟೇ ನಡೆಸುವವರು, ಚಿಕ್ಕಮಗಳೂರು

ನಮ್ಮ ಕಾರ್ಯಕ್ರಮಗಳಿಗೆ ಬಟ್ಟೆಯ ಬ್ಯಾನರ್ ಮಾಡಿಸಿದ ಅನುಭವದಿಂದ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ಬಟ್ಟೆ ಎಂದು ಕೊಡುವುದರಲ್ಲಿ ಬಹಳಷ್ಟು ಪಾಲಿಯೆಸ್ಟರ್, ಅಂದರೆ ಅದೂ ಪ್ಲಾಸ್ಟಿಕ್ಕೇ, ಕೇಳಿಯೇ ಕೊಳ್ಳಿ. ಹತ್ತಿ ಬಟ್ಟೆಯಲ್ಲಿ ಬಣ್ಣ ಸ್ವಲ್ಪ ಮಂಕಾಗಿ ಬರುತ್ತದೆ, ಮಳೆಗೆ ತೊಯ್ದರೆ ಜೋತುಬೀಳುತ್ತದೆ, ಬೆಲೆಯೂ ಹೆಚ್ಚು. ಸರ್ಕಲ್ಲಿನಲ್ಲಿ ಕಟ್ಟಲು ಆಗುವುದಿಲ್ಲ. ಆದರೆ ತಿಥಿಯ ಚಪ್ಪರದೊಳಗೆ ತೂಗುಹಾಕಲು ಧಾರಾಳವಾಗಿ ಸಾಕು, ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲೂ ಬರುತ್ತದೆ. ತಾಯಿಯ ಚಿತ್ರವನ್ನು ಯಾವ ಮಗನೂ ಚರಂಡಿಗೆ ಹಾಕಬೇಕೆಂದು ಹಾಕುವುದಿಲ್ಲ, ಇಟ್ಟುಕೊಳ್ಳುವಂಥ ವಸ್ತುವನ್ನು ಯಾರೂ ಅವನ ಕೈಗೆ ಕೊಟ್ಟಿರುವುದಿಲ್ಲ ಅಷ್ಟೆ.

ಕೈಬರಹದ ಬಗ್ಗೆಯೂ ಒಂದು ಮಾತು. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಎಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾದ ಮೇಲೆ ನಮ್ಮ ಕಡೆಯ ಎಷ್ಟೋ ಹೋಮ್‌ಸ್ಟೇಗಳು ಬೋರ್ಡು ಬದಲಾಯಿಸಿದವು. ಹೆಚ್ಚಿನವರು ಕಂಪ್ಯೂಟರಿನ ಅಕ್ಷರಗಳನ್ನೇ ಕತ್ತರಿಸಿ ಅಂಟಿಸಿದರು. ಮರದ ಹಲಗೆಯ ಮೇಲೆ ಎನಾಮಲ್ ಬಣ್ಣದಲ್ಲಿ ಬರೆದುಕೊಡುವವರನ್ನು ನಾನು ಹುಡುಕುತ್ತಲೇ ಇದ್ದೇನೆ. ನಮ್ಮ ಮನೆಯ ಹೆಸರಿನಲ್ಲಿ ಎರಡು ಒತ್ತಕ್ಷರಗಳಿವೆ. ಹಲಗೆಯ ಅಳತೆ ಕಳುಹಿಸುತ್ತೇನೆ. ದರ ಹೇಳುವಾಗ ಫ್ಲೆಕ್ಸಿನವರಂತೆ ಚದರ ಅಡಿಯ ಲೆಕ್ಕ ಹೇಳಬೇಡಿ, ಅಕ್ಷರಕ್ಕಿಷ್ಟು ಎಂದು ಹೇಳಿ.