ಎಟಿವಿ ಮುಂದಿನ ಗೇರ್‌ಕೇಸಲ್ಲಿ ನೀರು? ಆಯಿಲ್ ನಾನೇ ಬದಲಿಸಬಹುದಾ?

ತೋಟದಮನೆ (ಸಕಲೇಶಪುರ): ತೋಟಕ್ಕೆ ಗೊಬ್ಬರ ಸಾಗಿಸೋ ಪೋಲಾರಿಸ್ ಸ್ಪೋರ್ಟ್ಸ್‌ಮನ್ 570 ಎಟಿವಿ (ಕಚ್ಚಾ ದಾರೀಲಿ ಓಡೋ ನಾಲ್ಕು ಚಕ್ರದ ಬೈಕು) ಇದೆ. ಮಳೇಲಿ ಹಳ್ಳ ದಾಟಿದ ಮೇಲೆ ಮುಂದಿನ ಗೇರ್‌ಕೇಸ್ ಆಯಿಲ್ ಹಾಲು ಬೆರೆಸಿದ ಕಾಫಿ ಥರ ಆಗಿದೆ. ಇಂಜಿನ್ ಆಯಿಲ್ ಕಪ್ಪಾಗಿದೆ ಅಷ್ಟೇ. ಪಿಕಪ್‌ಗೆ ಹೇರ್ಕೊಂಡು ಬೆಂಗಳೂರಿಗೆ ಹೋಗ್ಬೇಕಾ?

ಸ್ಪ್ಯಾನರ್ ರಾಜ: ಬೇಡ ಸಾರ್, ಶೆಡ್ಡಲ್ಲೇ ಆಗುತ್ತೆ. ಮೊದಲು ಗೇರ್‌ಕೇಸಿನ ಫಿಲ್ ಪ್ಲಗ್ (ಆಯಿಲ್ ತುಂಬೋ ತೂತಿನ ಬಿರಡೆ) ಸಡಿಲ ಮಾಡಿ. ಅದು ಬಂದ್ರೆ ಮಾತ್ರ ಕೆಳಗೆ ಆಯಿಲ್ ಇಳಿಸೋ ಡ್ರೈನ್ ಪ್ಲಗ್‌ಗೆ ಕೈ ಹಾಕಿ. ಮೊದಲೇ ಖಾಲಿ ಮಾಡಿಬಿಟ್ಟು ಫಿಲ್ ಪ್ಲಗ್ ಜಾಮ್ ಆಗಿದ್ರೆ ತುಂಬೋದು ಎಲ್ಲಿಂದ? ಪ್ಲಗ್ಗಿಗೆ ಬೂದು ಪೇಸ್ಟ್ ಅಂಟಿದ್ರೆ ಪರವಾಗಿಲ್ಲ, ಲೋಹದ ಚೂರು ಸಿಕ್ಕಿದ್ರೆ ಗೇರ್‌ಕೇಸ್ ಬಿಚ್ಚಿಸಲೇಬೇಕು. ಅಲ್ಲಿಗೆ ಪೋಲಾರಿಸ್‌ನವರದ್ದೇ ಡಿಮಾಂಡ್ ಡ್ರೈವ್ ಅನ್ನೋ ಮುಂದಿನ ಗೇರ್‌ಕೇಸ್ ಆಯಿಲ್ಲೇ ಹಾಕಿ. ಟ್ರ್ಯಾಕ್ಟರಿಗೆ ತಂದಿಟ್ಟ 90 ನಂಬರ್ ಗೇರ್ ಆಯಿಲ್ ಸುರಿದ್ರೆ ನಾಲ್ಕು ಚಕ್ರದ ಡ್ರೈವ್ ಸರಿಯಾಗಿ ಹಿಡಿಯಲ್ಲ.

ಮಲೆನಾಡ ಗಾಡಿ: ಒಂದ್ಸಲ ತುಂಬಿ ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ನೋಡಿ, ಅಣ್ಣ. ಸಂದೀಲಿ ನೀರು ಉಳಿದಿರುತ್ತೆ. ಬ್ರೀದರ್ ಪೈಪು (ಗೇರ್‌ಕೇಸಿಗೆ ಗಾಳಿ ಆಡೋ ಪೈಪು), ಸೀಲು ನೋಡದೆ ಆಯಿಲ್ ಮಾತ್ರ ಬದಲಿಸಿದ್ರೆ ದುಡ್ಡು ದಂಡ. ಕಪ್ಪಾದ ಇಂಜಿನ್ ಆಯಿಲ್‌ಗೆ ಬದಲು 5ಡಬ್ಲ್ಯು-50 ಗ್ರೇಡಿನ ಆಯಿಲ್ ಹಾಕಿ, ಫಿಲ್ಟರೂ ಜೊತೆಗೇ ಬದಲಿಸಿ. ಹಳೇ ಆಯಿಲ್ ಕ್ಯಾನಿಗೆ ತುಂಬಿಡಿ, ಹಳ್ಳಕ್ಕೆ ಚೆಲ್ಲಬೇಡಿ ಮಾರಾಯ್ರೇ.

ತೋಟದಮನೆ: ಫಿಲ್ ಪ್ಲಗ್ ಬಂತು! ಬ್ರೀದರ್ ಪೈಪಿನ ತುದೀಲಿ ಕೆಸರು ಗಟ್ಟಿಯಾಗಿ ಕೂತಿತ್ತು. ಆಯಿಲ್ ಆರ್ಡರ್ ಮಾಡಿದೆ.